ಮೇಷ್ಟರ ತಲೆಯೊಳಗೆ ಕದರಮ್ಮ

ನಮ್ಮಣ್ಣ ತಿಮ್ಮರಾಯಪ್ಪ ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ. ಅದನ್ನೂ ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಹೇಳಿದ್ದರಿಂದ ಅರ್ಧ ಒಳಗೇ ಇಳಿದುಹೋಗಿ ಉಳಿದರ್ಧ ಮಾತ್ರ ಹೊರಗೆ ಬಂತು. ಬಂದಷ್ಟೇ ಸಾಕಾಯಿತು. ಅದರ ದೆಸೆಯಿಂದ ಕರಿಜಾಲಿಹಳ್ಳಿಯಲ್ಲಿ ಸತ್ತವರೂ ನೆಮ್ಮದಿಯಾಗಿರಲು ಆಗಲಿಲ್ಲ.

ಕರಿಜಾಲಿಹಳ್ಳಿ ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ಗಾಡಿದಾರಿಯ ಮಗ್ಗುಲಲ್ಲಿದೆ. ಸಿರಾ ಕಡೆಯಿಂದ ಅಲ್ಲಿಗೆ ಮೇಷ್ಟರಾಗಿ ಹೋದ ಅಣ್ಣ, ಆ ಊರಿನ ಕೆಂಚಮ್ಮನ ಮಗಳು ಗಂಗಲಕ್ಷ್ಮಮ್ಮನನ್ನು ಮದುವೆಯಾಗಿ ಅಲ್ಲೇ ನೆಲೆಯೂರಿದ್ದ. ಅತ್ತೆಯ ಮನೆ ಮೇಲಿನ ಬೀದಿಯಲ್ಲಿ, ಅಣ್ಣನ ಜೊತೆಗೇ ಇದ್ದ ನಮ್ಮದು ಕೆಳಗಿನ ಬೀದಿಯಲ್ಲಿ. ಗಂಡ ಸತ್ತ ಮೇಲೆ ಹೊಲ, ದನ, ಆಳು, ದೇವರು ಎಲ್ಲವನ್ನೂ ಒಬ್ಬಳೇ ಅಂಕೆಯಲ್ಲಿಟ್ಟುಕೊಂಡಿದ್ದ ಕೆಂಚಮ್ಮನಿಗೆ ಅಳಿಯನ ವಿಷಯದಲ್ಲಿ ಒಂದೇ ಕೊರಗು. ಅವನು ಬಾಗಿಲಿಗೆ ಅಡ್ಡ ನಿಂತರೂ ಒಳಗಿನ ಬೆಳಕು ಕಡಿಮೆಯಾಗುತ್ತಿರಲಿಲ್ಲ.

ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಪರದಾಡುತ್ತಿದ್ದ ಕಾಲ. ಅತ್ತಿಗೆಯ ಬಯಕೆ ಊಟದ ದಿನ ಕೆಂಚಮ್ಮನ ಮನೆಯಲ್ಲಿ ಇಬ್ಬರು ಆಳುಗಳು ರಾಗಿ ಮೂಟೆಯನ್ನು ಅಟ್ಟಕ್ಕೆ ಏರಿಸಲು ಏದುಸಿರು ಬಿಡುತ್ತಿದ್ದರು. ತೋಳಿರುವ ಗಂಡಸು ಇಲ್ಲದ ಮನೆಯ ಪಾಡೇ ಇಷ್ಟು ಎಂದು ಕೆಂಚಮ್ಮ ಬಡಿಸುವ ಸೌಟನ್ನು ನಿಲ್ಲಿಸಿ ನಿಟ್ಟುಸಿರು ಬಿಟ್ಟಳು. ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಅಣ್ಣನ ತೋಳು ನೋಡಿದರು. ಅಣ್ಣ, ಮೈಸೂರಿನಲ್ಲಿ ಓದುತ್ತಿದ್ದಾಗ ಗರಡಿಯಲ್ಲಿ ಗುಂಡು ಎತ್ತುವವರನ್ನು ನೋಡಿದ್ದೆ ಎಂದು ಹೇಳಲು ಹೊರಟವನು, ಗುಂಡು ಎನ್ನುವಷ್ಟರಲ್ಲಿ ಹೋಳಿಗೆ ನುಂಗಿದ. ಗುಂಡು ಎತ್ತುತ್ತಿದ್ದಿರಾ ಎಂದು ಕೆಂಚಮ್ಮ ತಾನೇ ವಾಕ್ಯವನ್ನು ಮುಗಿಸಿದಳು. ಅಣ್ಣ ತಲೆಯಾಡಿಸಿದ. ಮಜ್ಜಿಗೆ ಬರುವ ಹೊತ್ತಿಗೆ ಅವನು ಪೈಲ್ವಾನನಾಗಿದ್ದ.

"ಮಗ ಆಗ್ಲಿ ಮಗಳಾಗ್ಲಿ, ತೊಟ್ಲಿಗಾಕೋ ದಿನ ಅಟ್ಟಕ್ಕೆ ಮೂಟೆ ನಮ್ಮ ಅಳಿಯಂದ್ರೇ ಏರಿಸ್ತಾರೆ" ಎಂದು ಕೆಂಚಮ್ಮ ನೆಂಟರ ಮುಂದೆ ಸಾರಿಬಿಟ್ಟಳು.

ಅಣ್ಣ ಮದರಾಸಿನಿಂದ ಅಂಚೆಯ ವಿ.ಪಿ.ಯಲ್ಲಿ ಒಂದು ಚಿತ್ರಪಟ ತರಿಸಿದ. ಅದರಲ್ಲಿ ಚಡ್ಡಿ ಹಾಕಿಕೊಂಡ, ಮೀಸೆ ತಿರುವಿದ ಒಬ್ಬ ಮಹಾಶಯ ಕಬ್ಬಿಣದ ಗುಂಡುಗಳನ್ನು ಹತ್ತಾರು ಬಗೆಯಲ್ಲಿ ಎತ್ತುತ್ತಿದ್ದ. ಎಲ್ಲ ಚಿತ್ರಗಳಲ್ಲೂ ಅವನ ಬಾಯಿ ಭದ್ರವಾಗಿ ಮುಚ್ಚಿತ್ತು. ಬಲದ ಗುಟ್ಟು ಮುಚ್ಚಿದ ಬಾಯಲ್ಲೇ ಇದೆಯೆಂದು ಅಣ್ಣ ತೀರ್ಮಾನಿಸಿ, ಗುಂಡು ಸಿಗುವ ಮೊದಲೇ ಉಸಿರು ಕಟ್ಟುವುದನ್ನು ಅಭ್ಯಾಸ ಮಾಡಿದ.

ಗುಂಡಿಗೆ ಊರ ಗರಡಿಗೆ ಹೋಗುವಂತಿರಲಿಲ್ಲ. ಪೈಲ್ವಾನನೇ ಹೋಗಿ ಕಲಿಸಿಕೊಡಿ ಎನ್ನುವುದು ಹೇಗೆ? ಊರಿನವರೆಲ್ಲ ಸಿದ್ದರಬೆಟ್ಟಕ್ಕೆ ಹೋಗಿದ್ದ ಒಂದು ದಿನ, ಮಟಮಟ ಮಧ್ಯಾಹ್ನ, ಅವನು ಒಬ್ಬನೇ ಹುಡುಕಿಕೊಂಡು ಹೊರಟ. ಜನ ಇಲ್ಲದ ಊರಿನ ಮಧ್ಯಾಹ್ನ ರಾತ್ರಿಗಿಂತ ಕೆಟ್ಟದ್ದು. ಬಾಗಿಲುಗಳೆಲ್ಲ ಮುಚ್ಚಿದ್ದವು, ಕೋಳಿಗಳು ಕೂಡ ಸದ್ದು ಮಾಡುತ್ತಿರಲಿಲ್ಲ. ಮೇಲಿನ ಬೀದಿ ಮುಗಿದು ಬಯಲು ಶುರುವಾಗುವ ಕಡೆ ಇರುವ ಹುಣಸೆಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅದರ ನೆರಳಿನ ನಟ್ಟನಡುವೆ, ಯಾರೋ ಇವನಿಗಾಗಿಯೇ ತಂದು ಕೂರಿಸಿದಂತೆ, ಒಂದು ಗುಂಡುಕಲ್ಲು ಕೂತಿತ್ತು. ಬೂದುಗುಂಬಳಕಾಯಿಯ ಗಾತ್ರ. ಮೈಮೇಲೆ ಸುಣ್ಣ, ಅರಿಸಿನದ ಹಳೆಯ ಕಲೆಗಳು. ಒಂದು ಕಡೆ ಮಾತ್ರ ಕನ್ನಡಿಯಂತೆ ನುಣುಪು. ಹಿಂದಿನ ಕಾಲದ ಪೈಲ್ವಾನರು ಕೈಯಿಟ್ಟು ಕೈಯಿಟ್ಟು ಹಾಗಾಗಿದೆಯೆಂದು ಅಣ್ಣ ಕೈಮುಗಿದ.

ಎತ್ತಿದರೆ ಮೊಣಕಾಲಿಗಿಂತ ಮೇಲೆ ಬರಲಿಲ್ಲ. ಕಾಲಿನಿಂದ ಉರುಳಿಸಿಕೊಂಡೇ ಮೇಲಿನ ಬೀದಿ ಇಳಿದು ನಮ್ಮ ಹಿತ್ತಲಿಗೆ ತಂದ. ಕೆಳಗಿನ ಬೀದಿಯ ತಿರುವಿನಲ್ಲಿ ಕಲ್ಲು ತಾನಾಗಿಯೇ ನಮ್ಮ ಮನೆಯ ಕಡೆ ಹೊರಳಿತೆಂದು ಆಮೇಲೆ ಹೇಳಿದ. ಆ ಹೊತ್ತಿನಲ್ಲಿ ಅವನಿಗೆ ಅದೊಂದು ಅನುಕೂಲವೆಂದೇ ಕಂಡಿತ್ತು.

ದಿನವೂ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಸಾಧನೆ ನಡೆಯಿತು. ಕೆರೆಯಲ್ಲಿ ಮುಳುಗು ಹಾಕುವ ಹುಡುಗರಂತೆ ಕೆನ್ನೆ ಉಬ್ಬಿಸಿ, ಬಾಯಿ ಬಿಗಿದು, ಉಸಿರು ಕಟ್ಟಿ ಕಲ್ಲಿಗೆ ಕೈ ಹಾಕುತ್ತಿದ್ದ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಕಲ್ಲು ಮೊಣಕಾಲು ದಾಟಿ ಸೊಂಟಕ್ಕೆ ಬಂದ ದಿನ ಮೊದಲ ಬಾರಿ ಅವನ ಹಿಂದಲೆಯಲ್ಲಿ ಧಡ್ ಎಂದಿತು. ಕಲ್ಲು ಕೆಳಗಿಟ್ಟರೂ ನಿಲ್ಲಲಿಲ್ಲ. ಧಡ್, ಧಡ್ ಎಂದು ಸಂಜೆಯವರೆಗೂ ಒಳಗಿನಿಂದ ಯಾರೋ ಕುಟ್ಟುತ್ತಲೇ ಇದ್ದರು. ಮರುದಿನ ಎತ್ತಿದ, ಮತ್ತೆ ಬಂತು. ಎತ್ತದ ದಿನ ಬರುತ್ತಿರಲಿಲ್ಲ. ಆದರೆ ಎತ್ತದೆ ಇರುವಂತಿರಲಿಲ್ಲ, ತೊಟ್ಟಿಲ ದಿನ ಹತ್ತಿರ ಬರುತ್ತಿತ್ತು. ಏನಾಯಿತೆಂದು ನಾವು ಕೇಳಿದರೆ ಸೀಮೆಸುಣ್ಣದ ಧೂಳು ಎನ್ನುತ್ತಿದ್ದ.

ಕೊನೆಗೆ ಮಧುಗಿರಿಯ ಡಾಕ್ಟರರ ಹತ್ತಿರ ಹೋದ. ಭಾರ ಏನಾದರೂ ಎತ್ತುತ್ತೀರಾ ಎಂದು ಅವರು ಸರಿಯಾಗಿಯೇ ಕೇಳಿದರು. ಆದರೆ ಪಕ್ಕದಲ್ಲಿ, ಗಾಡಿ ಹೊಡೆದುಕೊಂಡು ಬಂದಿದ್ದ ಕೆಂಚಮ್ಮನ ಆಳು ಪಾಲಪ್ಪ ನಿಂತಿದ್ದ. ಎತ್ತುತ್ತೇನೆ ಎಂದರೆ ಈಗ ಕಲಿಯುತ್ತಿರುವುದು ಬಯಲಾಗುತ್ತದೆ. ಎತ್ತುವುದಿಲ್ಲ ಎಂದರೆ ಗರಡಿಯ ಕಥೆ ಬಿದ್ದುಹೋಗುತ್ತದೆ. ಅಣ್ಣ ಎರಡಕ್ಕೂ ಹೊಂದುವಂತೆ, ಎತ್ತಬೇಕು ಅನ್ನಿಸುವಷ್ಟು ಭಾರದ ವಸ್ತು ಈ ಸೀಮೆಯಲ್ಲಿ ಇನ್ನೂ ಸಿಕ್ಕಿಲ್ಲ ಎಂದ. ಡಾಕ್ಟರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ನಾಲಿಗೆ ಚಾಚಿಸಿ, ಭೇದಿಯಾಗುವ ಔಷಧಿ ಕೊಟ್ಟರು. ಅದು ಚೆನ್ನಾಗಿ ಕೆಲಸ ಮಾಡಿತು. ತಲೆನೋವು ಹಾಗೇ ಇತ್ತು.

ಅಷ್ಟರಲ್ಲಿ ಅತ್ತಿಗೆಗೆ ಹೆಣ್ಣುಮಗುವಾಯಿತು. ಮಗುವನ್ನು ನೋಡಲು ಅತ್ತೆಯ ಮನೆಯಿಂದ ಕರೆ ಬಂದ ಬೆಳಿಗ್ಗೆಯೂ ಅಣ್ಣ ಸಾಧನೆ ತಪ್ಪಿಸಿರಲಿಲ್ಲ. ಹೊಸ ಪಂಚೆ ಉಟ್ಟು, ಒಂದು ಕೈಯಲ್ಲಿ ಹಿಂದಲೆ ಹಿಡಿದುಕೊಂಡು ನನ್ನ ಜೊತೆ ಮೇಲಿನ ಬೀದಿಗೆ ಬಂದ. ಜಗುಲಿಯ ತುಂಬ ಹೆಂಗಸರಿದ್ದರು. ಕೆಂಚಮ್ಮ ಕಾಲಿಗೆ ನೀರು ಕೊಡಲು ಚೊಂಬು ತಂದವಳು ಅವನ ಮುಖ ನೋಡಿ ನಿಂತಳು.

"ಎಲ್ಲಿ ನೋವು?"

"ಹಿಂದ್ಗಡೆ. ಕತ್ತಿನ ಮೇಲ್ಗಡೆ."

"ಹೆಂಗೆ ನೋಯ್ತದೆ?"

ಅಣ್ಣ ಮೇಷ್ಟರಾದ್ದರಿಂದ ಯಾವುದನ್ನೂ ಉದಾಹರಣೆಯಿಲ್ಲದೆ ವಿವರಿಸುವ ಅಭ್ಯಾಸವಿರಲಿಲ್ಲ. "ಒಳಗೆ ಯಾರೋ ಒಬ್ಬ ಹೆಂಗಸು ಕೂತ್ಕೊಂಡು ಒನಕೇಲಿ ರಾಗಿ ಕುಟ್ಟಿದಂಗೆ. ಕುಟ್ಟೋದು, ಸ್ವಲ್ಪ ನಿಲ್ಸೋದು, ಸೆರಗಲ್ಲಿ ಬೆವರು ಒರೆಸ್ಕೊಳೋದು, ಮತ್ತೆ ಕುಟ್ಟೋದು" ಎಂದ. ಸೆರಗನ್ನು ಅವನು ಬರೀ ಅಲಂಕಾರಕ್ಕೆ ಸೇರಿಸಿದ್ದ.

ಕೆಂಚಮ್ಮ ಚೊಂಬನ್ನು ಕೆಳಗಿಟ್ಟಳು. ನೀರು ತುಳುಕಲಿಲ್ಲ, ಅಷ್ಟು ಮೆಲ್ಲಗೆ ಇಟ್ಟಳು.

"ಇದು ನಮ್ಮತ್ತೇದು" ಎಂದಳು.

ಕೆಂಚಮ್ಮನ ಅತ್ತೆ ಕದರಮ್ಮ ಸತ್ತು ಬಹಳ ಕಾಲವಾಗಿತ್ತು. ಸೊಸೆಯೊಡನೆ ಜಗಳವಾಡಿ, ಮೇಲಿನ ಬೀದಿಯ ಕೊನೆಯ ಮನೆಯಲ್ಲಿ ಬೇರೆ ಒಲೆ ಹೂಡಿ, ತಲೆಯೊಳಗೆ ಯಾರೋ ರಾಗಿ ಕುಟ್ಟುತ್ತಾರೆಂದು ಗೋಡೆಗೆ ಹಣೆಯಿಟ್ಟುಕೊಂಡು ಸತ್ತಳಂತೆ. ಸಾಯುವಾಗಲೂ ಕೆಂಚಮ್ಮ ಆ ಮನೆಯ ಹೊಸಿಲು ತುಳಿಯಲಿಲ್ಲವಂತೆ. ಆ ಮನೆಗೆ ಈಗ ಸೂರಿರಲಿಲ್ಲ. ಬಾಗಿಲ ಚೌಕಟ್ಟೊಂದು ನಿಂತಿತ್ತು.

ಜಗುಲಿಯ ಮೇಲೆ ಎಲ್ಲರಿಗಿಂತ ಹಿರಿಯಳಾದ ನರಸಿಂಹಮ್ಮ ಎಲೆಯಡಿಕೆ ನಿಲ್ಲಿಸಿ ಕೇಳಿದಳು. "ಕದರಿ ನೋವು ಹುಣಸೆಮರದಡಿ ಗುಂಡ್ನಾಗಿತ್ತಲ್ಲೇ. ಇಲ್ಲಿಗೆಂಗೆ ಬಂತು?"

ಆಗ ನಮಗೆ ಆ ಊರಿನ ಪದ್ಧತಿ ತಿಳಿಯಿತು. ತಲೆನೋವು ಬಂದವರು ಹುಣಸೆಮರದ ಕೆಳಗಿನ ಗುಂಡಿಗೆ ಸುಣ್ಣ ಅರಿಸಿನ ಹಚ್ಚಿ, ಹಣೆ ಉಜ್ಜಿ, ನೋವನ್ನು ಅದಕ್ಕೆ ಒಪ್ಪಿಸಿ, ಹಿಂತಿರುಗಿ ನೋಡದೆ ಬರಬೇಕು. ತಲೆಮಾರುಗಳಿಂದ ಊರಿನ ನೋವೆಲ್ಲ ಆ ಕಲ್ಲಿನಲ್ಲಿ ಕೂತಿತ್ತು. ಬೆಟ್ಟದಿಂದ ಬಂದ ದಿನದಿಂದ ಕಲ್ಲು ಕಾಣುತ್ತಿಲ್ಲವೆಂದು, ಹೆದರಿಕೆಗೆ, ಯಾರೂ ಬಾಯಿ ಬಿಟ್ಟಿರಲಿಲ್ಲ.

"ಗುಂಡು ಅಂದ್ರೆ, ಬೂದುಗುಂಬಳಕಾಯಿ ಗಾತ್ರದ್ದಾ?" ಎಂದು ಅಣ್ಣ ಕೇಳಿದ. "ಒಂದ್ಕಡೆ ನುಣ್ಣಗಿರೋದಾ?"

ಹೌದೆಂದರು.

"ಅದು ನಮ್ಮ ಹಿತ್ತಲಲ್ಲಿದೆ."

ಯಾರೂ ಎದ್ದದ್ದನ್ನು ನಾನು ನೋಡಲಿಲ್ಲ. ಆದರೆ ಮರುಕ್ಷಣ ಜಗುಲಿಯ ಮೇಲೆ ಅಣ್ಣನ ಸುತ್ತ ಒಂದು ಎತ್ತಿನಗಾಡಿ ತಿರುಗಿಸುವಷ್ಟು ಜಾಗವಿತ್ತು. ಒಳಗಿನಿಂದ ಮಗು ಅತ್ತಿತು. ಅಣ್ಣ ಹೊಸಿಲಿನತ್ತ ಕಾಲೆತ್ತಿದ. ಕೆಂಚಮ್ಮ ಅಡ್ಡ ಬಂದು ನಿಂತಳು.

"ನಮ್ಮತ್ತೆ ಕೂತಿರೋ ತಲೇನ ನನ್ನ ಮೊಮ್ಮಗಳ ತೊಟ್ಲ ಮೇಲೆ ಬಗ್ಗಿಸೋಕೆ ನಾನು ಬುಡಾಕಿಲ್ಲ. ಗುಂಡು ಎಲ್ಲಿತ್ತೋ ಅಲ್ಲಿಗೆ ಹೋಗ್ಬೇಕು. ಅಲ್ಲೀಗಂಟ ಮಗಳೂ ಬರಾಕಿಲ್ಲ, ಮಗೂನೂ ಬರಾಕಿಲ್ಲ."

ಅಣ್ಣ ಮಗುವಿನ ಮುಖ ನೋಡದೆ ಕೆಳಗಿನ ಬೀದಿಗೆ ಮರಳಿದ. ಅಂದಿನಿಂದ ಅವನು ತಟ್ಟೆಯ ಮುಂದೆ ಕೂತರೂ ಮೇಲಿನ ಬೀದಿಯ ಕಡೆಗೆ ಕಿವಿಯಿಟ್ಟು ಕೂರುತ್ತಿದ್ದ. ಮಗು ಅತ್ತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಊರಿಗೆ ಮಾತ್ರ ಬೇರೆ ಕೆಲಸ ಸಿಕ್ಕಿತು. ಕದರಮ್ಮನ ನೋವು ಮೇಷ್ಟರ ತಲೆಗೆ ಬಂದಿದ್ದರೆ ಉಳಿದವರದ್ದೂ ಬಂದಿರಬೇಕಲ್ಲ? ಜನ ಬಂದು ಅಂಗಳದ ಆಚೆಯ ತುದಿಯಲ್ಲಿ ನಿಂತು ವಿಚಾರಿಸತೊಡಗಿದರು. ಎಡಗಣ್ಣಿನ ಮೇಲೆ ಸೂಜಿ ಚುಚ್ಚಿದಂತಿದೆಯೇ, ಹಾಗಿದ್ದರೆ ಅದು ನಮ್ಮ ಚಿಕ್ಕಮ್ಮನದು. ಬೆಳಕು ನೋಡಿದರೆ ವಾಕರಿಕೆ ಬರುತ್ತದೆಯೇ, ಬಂದರೆ ನಮ್ಮ ಮಾವನದು, ಅವರಿಗೆ ನಮಸ್ಕಾರ ತಿಳಿಸಿ. ಅಣ್ಣನಿಗೆ ಯಾರನ್ನೂ ಬರಿಗೈಯಲ್ಲಿ ಕಳಿಸುವ ಮನಸ್ಸಿರಲಿಲ್ಲ. ಒಂದಿಷ್ಟು ಇದ್ದರೂ ಇರಬಹುದು ಎನ್ನುತ್ತಿದ್ದ. ಹೊತ್ತು ಮುಳುಗುವಾಗ ನಮ್ಮ ಅಂಗಳದಲ್ಲಿ ಜೀವವಿದ್ದವರು ಮೆಲುದನಿಯಲ್ಲಿ, ಇವನ ತಲೆಯ ಕಡೆ ನೋಡುತ್ತಾ, ಇವನೊಡನಲ್ಲದೆ ಇನ್ನಾರೊಡನೆಯೋ ಮಾತಾಡುತ್ತಿದ್ದರು. ಒಬ್ಬಾಕೆ ತನ್ನ ತಾಯಿಗೆ ಇಷ್ಟವೆಂದು ಹುರಿಗಡಲೆ ತಂದಿಟ್ಟು, ಅವನು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಅಣ್ಣ ಮೊದಲು ನಗುತ್ತಿದ್ದ. ಆಮೇಲೆ ಕತ್ತಲಾದ ಮೇಲೆ ಕನ್ನಡಿ ನೋಡುವುದನ್ನು ಬಿಟ್ಟ.

ಪಟೇಲ ದೊಡ್ಡರಂಗಪ್ಪನವರಿಗೆ ಮಾತ್ರ ಅವಮಾನವಾಯಿತು. ಅವರ ತಂದೆಯ ತಲೆನೋವು ತುಮಕೂರಿನಿಂದ ವೈದ್ಯರನ್ನು ಕರೆಸಿದಂಥ ನೋವು. ಅದು ನೆತ್ತಿಯ ಮೇಲೆ ಪೇಟ ಬಿಗಿದಂತೆ ಇರಬೇಕಿತ್ತು. ಅಣ್ಣನ ನೆತ್ತಿಯಲ್ಲಿ ಏನೂ ಇರಲಿಲ್ಲ.

"ಸರ್ಯಾಗಿ ನೋಡ್ಕೊಂಡು ಹೇಳಿ ಮೇಷ್ಟ್ರೇ. ಕದರಮ್ಮಂಗೆ ಜಾಗ ಐತೆ, ನಮ್ಮಪ್ಪನಿಗೆ ಇಲ್ವಾ?"

ಹುಡುಕುತ್ತೇನೆ ಎಂದು ಅಣ್ಣ ಮಾತು ಕೊಟ್ಟ.

ಪಂಚಾಯಿತಿ ಸೇರಿತು. ಕಲ್ಲನ್ನು ಉರುಳಿಸಿಕೊಂಡು ಬಂದದ್ದು ತಿಳಿದಾಗ ದೊಡ್ಡ ಗದ್ದಲವೇ ಆಯಿತು. ಅದು ಉರುಳಿದ ದಾರಿಯ ಎರಡೂ ಬದಿಯ ಮನೆಗಳವರು ತಮಗೆ ಅಂದಿನಿಂದ ತಲೆ ಸಿಡಿಯುತ್ತಿದೆಯೆಂದು ನೆನಪಿಸಿಕೊಂಡರು. ನರಸಿಂಹಮ್ಮ ಕಟ್ಟಳೆ ಹೇಳಿದಳು. ತಂದವನೇ ಒಯ್ಯಬೇಕು. ಮೇಲೆತ್ತಿದ ಗುಂಡು ಮರದ ನೆರಳಿನಲ್ಲಲ್ಲದೆ ಎಲ್ಲೂ ನೆಲ ಮುಟ್ಟಬಾರದು; ಮುಟ್ಟಿದ ಮನೆಗೆ ಅಷ್ಟೂ ನೋವು ಇಳಿಯುತ್ತದೆ. ಪ್ರತಿ ಬಾಗಿಲಿನಲ್ಲೂ ಮನೆಯವರು ಏನು ಹೊತ್ತಿದ್ದೀಯೆಂದು ಕೇಳಬೇಕು, ಹೊತ್ತವನು ನಿಮ್ಮ ತಲೆನೋವು ಎನ್ನಬೇಕು. ಉತ್ತರ ಸಿಗದ ಮನೆಯೂ ಕೆಟ್ಟಂತೆಯೇ. ಒಯ್ದರೆ ತೊಟ್ಟಿಲ ದಿನ ಮಗು ಅಪ್ಪನ ಕೈಗೆ ಬರುತ್ತದೆ. ದಾರಿಯಲ್ಲಿ ಇಳಿಸಿದರೆ ಮೇಷ್ಟರು ಬೇರೆ ಊರಿಗೆ ವರ್ಗ ಬರೆಸಿಕೊಂಡು ಒಬ್ಬರೇ ಹೋಗಬೇಕು.

ತೊಟ್ಟಿಲ ದಿನ ಬಿಸಿಲೇರುವ ಹೊತ್ತಿಗೆ ಅಣ್ಣ ಉಪವಾಸದ ಹೊಟ್ಟೆಯಲ್ಲಿ, ಕೆನ್ನೆ ಉಬ್ಬಿಸಿ ಬಾಯಿ ಬಿಗಿದು ಕಲ್ಲನ್ನು ಸೊಂಟಕ್ಕೆ ತಂದ. ಮುಖ ಬದನೆಕಾಯಿಯಾಗತೊಡಗಿತು. ಅಷ್ಟರಲ್ಲಿ ಎದುರುಮನೆಯಾಕೆ ಅವಸರಕ್ಕೆ ಬಿದ್ದು ಕೇಳಿಬಿಟ್ಟಳು. "ಏನ್ ಹೊತ್ಕಂಡಿದ್ದೀಯಪ್ಪಾ?" ಉತ್ತರ ಹೇಳಲು ಅಣ್ಣ ಬಾಯಿ ಬಿಡಲೇಬೇಕಾಯಿತು. ಕಟ್ಟಿದ್ದ ಉಸಿರು ಭುಸ್ಸೆಂದು ಹೊರಬಂದ ರಭಸಕ್ಕೆ ಕಲ್ಲು ಭುಜಕ್ಕೇರಿ ಕೂತಿತು.

ಅಲ್ಲಿಂದ ಮುಂದೆ ಅವನಿಗೆ ಉಸಿರು ಕಟ್ಟಲು ಪುರುಸೊತ್ತೇ ಸಿಗಲಿಲ್ಲ. ಈ ಬಾಗಿಲಿನವರು ಕೇಳುವರು, ಇವನು ಹೇಳುವನು. ಆ ಬಾಗಿಲಿನವರು ಕೇಳುವರು, ಇವನು ಹೇಳುವನು. ಅವನು ತಡವರಿಸಿದ ಕಡೆಯಲ್ಲೆಲ್ಲ ಆ ಮನೆಯವರು ಕೈಮುಗಿದು, ಇಲ್ಲಿ ಬೇಡ ಸ್ವಾಮಿ, ಪಕ್ಕದ ಮನೆಯವರು ಒಳ್ಳೆಯವರು ಎಂದು ಬೇಡಿಕೊಂಡರು. ಊರೆಲ್ಲ ದೂರದಲ್ಲಿ ಹಿಂದೆ ಬರುತ್ತಿತ್ತು. ಕೆಂಚಮ್ಮ ತನ್ನ ಬಾಗಿಲಿನಲ್ಲಿ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಎಲ್ಲರಂತೆ ಕೇಳಿ, ಉತ್ತರ ಪಡೆದು, ಮಗುವನ್ನು ಒಳಗೆ ಕೊಟ್ಟು ತಾನೂ ಹಿಂದೆ ಬಂದಳು. ಅಣ್ಣನ ಮುಖದಲ್ಲಿ ಬೆವರಿತ್ತು, ನೋವು ಇರಲಿಲ್ಲ.

ಬೀದಿ ಮುಗಿಯಿತು. ಉಳಿದದ್ದು ಸೂರಿಲ್ಲದ ಆ ಕೊನೆಯ ಮನೆ, ಅದರಾಚೆ ಹುಣಸೆಮರ. ಜನ ಅಲ್ಲಿಗೇ ನಿಂತರು. ಖಾಲಿ ಮನೆಯಲ್ಲಿ ಕೇಳುವವರಿಲ್ಲ. ಅಣ್ಣ ನೇರವಾಗಿ ದಾಟಿ ಹೋಗಬೇಕಿತ್ತು.

ಅವನು ಚೌಕಟ್ಟಿನ ಮುಂದೆ ನಿಂತ.

"ನಿಮ್ಮ ತಲೆನೋವು ಕಣಮ್ಮಾ" ಎಂದ.

ಬಿಸಿಲಿನಲ್ಲಿ ಒಂದು ಕಾಗೆಯೂ ಇರಲಿಲ್ಲ. ಅಣ್ಣ ಕತ್ತು ಸ್ವಲ್ಪ ಬಾಗಿಸಿ, ದೊಡ್ಡವರ ಮಾತು ಕೇಳುವಾಗ ನಿಲ್ಲುವಂತೆ ನಿಂತಿದ್ದ.

"ಇಲ್ಲಿ ಇಳ್ಸೋ ಹಂಗಿಲ್ಲ ಕಣಮ್ಮಾ. ನಮ್ಮತ್ತೆಯೋರು ಒಪ್ಪಲ್ಲ."

ಮತ್ತೆ ಕತ್ತು ಬಾಗಿಸಿದ. ಕಲ್ಲು ಭುಜದಿಂದ ಒಂದಿಷ್ಟು ಜಾರಿತು. ಎರಡೂ ಕೈಯಿಂದ ಹಿಡಿದುಕೊಂಡ.

"ಕೆಂಚಮ್ಮ ಅಂತ."

ಆಮೇಲೆ ಅವನು ಸರಸರನೆ ನಡೆದು ಹೋಗಿ ಹುಣಸೆಮರದ ನೆರಳಿನಲ್ಲಿ ಕಲ್ಲನ್ನು ಇಳಿಸಿ, ಕಟ್ಟಳೆಯ ಪ್ರಕಾರ ಹಿಂತಿರುಗಿ ನೋಡದೆ ಬಂದ. ಪಟೇಲರು ತಮ್ಮಪ್ಪನದೂ ಇಳಿಯಿತೇ ಎಂದು ಕೇಳಿದ್ದಕ್ಕೆ, ಅವರೇ ಮೊದಲು ಇಳಿದರು ಎಂದ. ಪಟೇಲರಿಗೆ ತೃಪ್ತಿಯಾಯಿತು.

ತೊಟ್ಟಿಲ ಶಾಸ್ತ್ರಕ್ಕೆ ಎಲ್ಲರೂ ಸೇರಿದರು. ರಾಗಿ ಮೂಟೆಯನ್ನು ಪಾಲಪ್ಪ ಯಾವಾಗಲೋ ಅಟ್ಟಕ್ಕೆ ಏರಿಸಿದ್ದ, ಯಾರೂ ಅದರ ಕಡೆ ನೋಡಲಿಲ್ಲ. ಕೆಂಚಮ್ಮ ಅಳಿಯನನ್ನು ಅಡಿಗೆಮನೆಯ ಪಕ್ಕಕ್ಕೆ ಕರೆದಳು. ಅತ್ತಿಗೆ ಮಗುವನ್ನು ಎತ್ತಿಕೊಂಡು ಕಂಬದ ಮರೆಯಲ್ಲಿ ನಿಂತಿದ್ದಳು.

"ಆ ಮನೆ ಮುಂದೆ ಯಾರ ಜೊತೆ ಮಾತಾಡಿದ್ರಿ?"

"ಒಬ್ರು ಅಜ್ಜಿ. ಏನ್ ಹೊತ್ಕಂಡಿದ್ದೀಯ ಅಂತ ಕೇಳಿದ್ರು. ಅದು ನಂದು, ಇಲ್ಲೇ ಇಳಿಸೋಗು ಅಂದ್ರು. ಅತ್ತೆ ಒಪ್ಪಲ್ಲ ಅಂದೆ. ಯಾರಪ್ಪ ನಿಮ್ಮತ್ತೆ ಅಂದ್ರು. ಹೆಸರು ಹೇಳಿದೆ."

"ಅದಕ್ಕೇನಂದ್ಲು?"

ಅಣ್ಣ ಸ್ವಲ್ಪ ಹಿಂಜರಿದ. "ಅಂಗಾದ್ರೆ ಬೇಗ ಹೋಗಪ್ಪಾ ಅಂದ್ರು."

ಕಂಬದ ಮರೆಯಲ್ಲಿ ಅತ್ತಿಗೆ ನಗು ತಡೆಯಲಾರದೆ ಮಗುವಿನ ಬಟ್ಟೆಗೆ ಮುಖ ಒತ್ತಿಕೊಂಡಳು. ಕೆಂಚಮ್ಮ ನಗಲಿಲ್ಲ. ಮಗಳ ಕೈಯಿಂದ ಮಗುವನ್ನು ತೆಗೆದುಕೊಂಡು ಅಣ್ಣನ ತೋಳಿನ ಮೇಲೆ ಇಟ್ಟಳು. ಇಟ್ಟ ಮೇಲೂ ಅವಳ ಕೈ ಮಗುವಿನ ಕೆಳಗೇ ಇತ್ತು.

"ದನಿ ಹೆಂಗಿತ್ತು? ತಲೆ ಇನ್ನೂ ನೋಯ್ತಿರೋ ಹಂಗಿತ್ತಾ?"

ಅಣ್ಣ ಮಗುವಿನ ಮುಖವನ್ನೇ ನೋಡುತ್ತಿದ್ದ. ಬೇರೆ ಯಾವುದಕ್ಕೂ ಅವನಿಗೆ ಗಮನವಿರಲಿಲ್ಲ. "ಇಲ್ಲ" ಎಂದ. "ಹಸಿದಿರೋ ಹಂಗಿತ್ತು."

ಪಂಕ್ತಿಗೆ ಎಲೆ ಹಾಕುವ ಮೊದಲು ಕೆಂಚಮ್ಮ ಒಂದು ಮುತ್ತುಗದ ಎಲೆಯಲ್ಲಿ ಅನ್ನ, ಸಾರು, ಹೋಳಿಗೆ, ಉಪ್ಪಿನಕಾಯಿ ಎಲ್ಲವನ್ನೂ ಬಡಿಸಿಕೊಂಡು, ಮೇಲೊಂದು ಎಲೆ ಮುಚ್ಚಿ, ಯಾರಿಗೂ ಹೇಳದೆ, ಎಲ್ಲರೂ ನೋಡುತ್ತಿದ್ದಂತೆಯೇ, ಬೀದಿಯ ಕೊನೆಗೆ ನಡೆದಳು. ಸೂರಿಲ್ಲದ ಮನೆಯ ಹೊಸಿಲಿನ ಮೇಲೆ ಎಲೆಯನ್ನಿಟ್ಟು, ಮೊದಲ ಬಾರಿಗೆ ಆ ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಳು.

ನಾಯಿ ತಿಂದಿರುತ್ತದೆ ಬಿಡು ಎಂದು ಸಂಜೆ ಪಾಲಪ್ಪ ನೋಡಿ ಬರಲು ಹೋದ. ಹೋದವನು ಹಿಂದಕ್ಕೆ ಬಂದು ನಮ್ಮನ್ನೆಲ್ಲ ಕರೆದುಕೊಂಡು ಹೋದ. ಹೊಸಿಲಿನ ಮೇಲೆ ಎಲೆ ಖಾಲಿಯಾಗಿತ್ತು. ಊಟ ಹಿಡಿಸಿದವರು ಏಳುವ ಮುನ್ನ ಮಾಡುವಂತೆ ಅದನ್ನು ಸರಿಯಾಗಿ ನಡುವಿಗೆ ಮಡಿಚಿ, ಮಡಿಕೆ ಮನೆಯ ಒಳಗಿನ ಕಡೆ ಬರುವಂತೆ ಇಟ್ಟಿತ್ತು.